ಒಂದೇ ಸಲ ನೋಡಿದ ಕಣ್ಣು

ಕಾರ್ಖಾನೆಗಳ ಸುರಕ್ಷತೆ ನೋಡುವ ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಹಿಂಜಕ್ಕ ಎನ್ನುತ್ತಿದ್ದರು. ಯಾವ ಪ್ರೋಗ್ರಾಮನ್ನು ಮುಂದಿಟ್ಟರೂ ಹತ್ತಿ ಹಿಂಜಿದ ಹಾಗೆ ಎಳೆ ಎಳೆಯಾಗಿ ಬಿಡಿಸಿ, ಇದನ್ನು ಹೇಗೆ ಕಟ್ಟಿದ್ದಾರೆ, ಆಮೇಲೆ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ಹೇಳುವುದು ಅವಳ ಕೆಲಸ. ಮೊದಮೊದಲು ಆ ಹೆಸರು ಬೆನ್ನ ಹಿಂದೆ ಮಾತ್ರ ಓಡಾಡುತ್ತಿತ್ತು. ಒಂದು ದಿನ ಅವಳೇ ಫೋನ್ ಎತ್ತಿ, “ಹಿಂಜಕ್ಕ ಮಾತಾಡ್ತಿರೋದು, ಹೇಳಿ” ಎಂದ ಮೇಲೆ ಅದರ ಖಾರ ಇಳಿದುಹೋಯಿತು.

ಮನೆಯಲ್ಲಿದ್ದದ್ದು ಅವಳು ಮತ್ತು ಅವಳನ್ನು ಸಾಕಿದ ಚಿಕ್ಕಮ್ಮ. ಚಿಕ್ಕಮ್ಮನಿಗೆ ಕಿವಿ ಸ್ವಲ್ಪ ಮಂದ, ನಾಲಿಗೆ ಮಾತ್ರ ಚುರುಕು. ಅಕ್ಕಪಕ್ಕದವರು ನಿಮ್ಮ ಹುಡುಗಿಯ ಉದ್ಯೋಗವೇನು ಎಂದು ಕೇಳಿದರೆ, ಬೇರೆಯವರು ಹೆಣೆದ ಸ್ವೆಟರನ್ನು ಬಿಚ್ಚಿ, ಎಷ್ಟು ನಂಬರಿನ ಸೂಜಿಯಲ್ಲಿ ಹೆಣೆದರು ಎಂದು ಹೇಳುತ್ತಾಳೆ, ಅದಕ್ಕೂ ಸಂಬಳ ಕೊಡುತ್ತಾರೆ ಎನ್ನುತ್ತಿದ್ದರು. ಅದಕ್ಕಿಂತ ಚೆನ್ನಾಗಿ ತನ್ನ ಕೆಲಸವನ್ನು ತಾನೂ ಹೇಳಲಾರೆ ಎಂದು ಹಿಂಜಕ್ಕನಿಗೆ ಎಷ್ಟೋ ಸಲ ಅನಿಸಿತ್ತು.

ಆ ವರ್ಷ ಬೇಸಿಗೆಯ ಕೊನೆಗೆ ಅವಳ ಮೇಜಿಗೆ ಒಂದು ಕಬ್ಬಿಣದ ಪೆಟ್ಟಿಗೆ ಬಂತು. ಡಬ್ಬಗಳಿಗೆ ಮುಚ್ಚಳ ಮಾಡುವ ಕಾರ್ಖಾನೆಯೊಂದರ ಪ್ರೆಸ್ಸಿನಿಂದ ಕಳಚಿ ತಂದ ಕಂಟ್ರೋಲ್ ಬಾಕ್ಸ್ ಅದು. ಒಂದು ಮೂಲೆಯಲ್ಲಿ ಗ್ರೀಸಿನ ಮೇಲೆ ಯಾರದೋ ಹೆಬ್ಬೆಟ್ಟಿನ ಗುರುತು ಹಾಗೇ ಉಳಿದಿತ್ತು. ಆ ಪ್ರೆಸ್ಸಿನಲ್ಲಿ ತಗಡು ಇಡುತ್ತಿದ್ದವನ ಬಲಗೈ ಬೆರಳುಗಳು ಹೋಗಿದ್ದವು. ಹೆಬ್ಬೆರಳೊಂದೇ ಉಳಿದಿತ್ತು.

ಹಾಗಾಗುವಂತೆ ಇರಲಿಲ್ಲ. ಪ್ರೆಸ್ಸಿನ ಬಾಯಿಯ ಎರಡು ಕಡೆಯೂ ನಿಲ್ಲಿಸಿದ ಕಂಬಗಳ ನಡುವೆ ಕಣ್ಣಿಗೆ ಕಾಣದ ಬೆಳಕಿನ ಗೆರೆಗಳು ಹಾಯುತ್ತಿರುತ್ತವೆ. ಕೆಲಸಗಾರರು ಅದಕ್ಕೆ ಕಣ್ಣು ಎನ್ನುತ್ತಾರೆ. ಕೈ ಅಡ್ಡ ಬಂದರೆ ಕಣ್ಣು ಹೇಳುತ್ತದೆ, ಮೇಲಿಂದ ಇಳಿಯುವ ಭಾರ ಇದ್ದಲ್ಲೇ ನಿಲ್ಲುತ್ತದೆ. ಅವತ್ತು ನಿಲ್ಲಲಿಲ್ಲ. ಕೆಲಸ ಬೇಗ ಸಾಗಲಿ ಎಂದು ಅವನೇ ಹೊಳೆಯುವ ಟೇಪು ಅಂಟಿಸಿ, ಕೈ ಅಡ್ಡ ಬಂದರೂ ತಿಳಿಯದಂತೆ ಕಣ್ಣನ್ನು ಮೋಸಗೊಳಿಸಿದ್ದ ಎಂದು ಕಾರ್ಖಾನೆ ಹೇಳಿತು. ಅಂಥ ಚಾಲಾಕಿಗಳು ಅಲ್ಲಿ ನಡೆಯುತ್ತಿದ್ದವು, ಸುಳ್ಳಲ್ಲ. ಪ್ರೆಸ್ಸಿನ ಪೆಟ್ಟಿಗೆ ತಯಾರಿಸಿದ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಾನು ಬರೆದ ಪ್ರೋಗ್ರಾಮನ್ನು ತನಿಖೆಯವರ ಮುಂದೆ ತೆರೆದಿಟ್ಟು, ಎಲ್ಲರೂ ನೋಡುತ್ತಿದ್ದಂತೆ ಅದನ್ನು ಇನ್ನೊಂದು ಪ್ರೆಸ್ಸಿಗೆ ಹಾಕಿ, ಬಾಯಿಯೊಳಗೆ ಮರದ ಕೋಲು ತೂರಿಸಿತು. ತೂರಿಸಿದಷ್ಟು ಸಲವೂ ಪ್ರೆಸ್ಸು ಸಾಧುಪ್ರಾಣಿಯಂತೆ ನಿಂತಿತು.

ತನಿಖಾಧಿಕಾರಿ ಕೆಟ್ಟವರಲ್ಲ. ಆದರೆ ನಿವೃತ್ತಿ ಹತ್ತಿರ ಬಂದಿತ್ತು, ಬೆನ್ನುನೋವು ಅದಕ್ಕೂ ಮೊದಲೇ ಬಂದಿತ್ತು. ಕುರ್ಚಿಯ ತುದಿಯಲ್ಲಿ ಕುಳಿತು, ಅಂದು ತೋರಿಸಿದ ಪ್ರೋಗ್ರಾಂ ಮತ್ತು ಈ ಪೆಟ್ಟಿಗೆಯಲ್ಲಿರುವುದು ಎರಡೂ ಒಂದೇಯೇ, ಅಷ್ಟು ಹೇಳಿದರೆ ಸಾಕು ಎಂದರು.

ಹಿಂಜಕ್ಕ ಕೆಲವು ದಿನ ನೋಡಿ ಅವರನ್ನು ಮತ್ತೆ ಕರೆಸಿದಳು.

“ಬರೆದದ್ದು ಒಂದೇ ಸರ್. ಕಟ್ಟಿದ್ದು ಬೇರೆ.”

ಅವರಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಮನುಷ್ಯರು ಬರೆದದ್ದು ಯಂತ್ರಕ್ಕೆ ತಿಳಿಯದು. ಕಂಪೈಲರ್ ಎಂಬುದು ಅದನ್ನು ಯಂತ್ರದ ಭಾಷೆಗೆ ತಿರುಗಿಸುತ್ತದೆ, ಕಟ್ಟುವುದು ಎಂದರೆ ಅದೇ. ಹೇಗೆ ತಿರುಗಿಸಬೇಕು ಎಂದು ಮೊದಲೇ ಹೇಳಿಡುವ ಸೆಟ್ಟಿಂಗುಗಳಿವೆ, ಅದಕ್ಕೆ ಆಪ್ಟಿಮೈಸೇಶನ್ ಎನ್ನುತ್ತಾರೆ. ಅದು ಬೇಡ ಎಂದರೆ ಬರೆದದ್ದನ್ನು ಬರೆದ ಹಾಗೇ ತಿರುಗಿಸುತ್ತದೆ. ಬೇಗ ಓಡುವಂತೆ ಮಾಡು ಎಂದರೆ, ದಂಡದ ಕೆಲಸ ಎಂದು ತನಗೆ ತೋರಿದ್ದನ್ನೆಲ್ಲ ಕಿತ್ತುಹಾಕುತ್ತದೆ.

“ದಂಡ ಅಂತ ತೀರ್ಮಾನ ಮಾಡೋದು ಯಾರು?” ಎಂದರು ಅಧಿಕಾರಿ.

“ಆ ಕಂಪೈಲರೇ.”

ಅವಳು ಒಲೆಯ ಮೇಲಿನ ಹಾಲಿನ ಮಾತು ತೆಗೆದಳು. ಹಾಲು ಉಕ್ಕುತ್ತಾ ನೋಡ್ತಾ ಇರು ಎಂದು ಮನೆಯಲ್ಲಿ ಯಾರಿಗೋ ಹೇಳಿರುತ್ತೀರಿ. ಹೇಳಿದಷ್ಟು ಮಾಡುವವನಾದರೆ ಗಳಿಗೆಗೊಮ್ಮೆ ಬಗ್ಗಿ ನೋಡುತ್ತಾನೆ. ಅತಿಬುದ್ಧಿವಂತನಾದರೆ ಒಮ್ಮೆ ನೋಡಿ, ಪಾತ್ರೆಯನ್ನು ನಾನಂತೂ ಮುಟ್ಟಿಲ್ಲ, ಮತ್ತೆ ಮತ್ತೆ ನೋಡುವುದೇನಿದೆ, ಉಕ್ಕಿಲ್ಲ ಎಂದುಕೊಂಡು ಕುಳಿತುಬಿಡುತ್ತಾನೆ. ಭಾರ ಇಳಿಯುವಷ್ಟು ಹೊತ್ತೂ ಕಣ್ಣನ್ನು ಕೇಳುತ್ತಲೇ ಇರು ಎಂದು ಪ್ರೋಗ್ರಾಮಿನಲ್ಲಿ ಬರೆದಿದ್ದರು. ಆದರೆ ಕಣ್ಣಿನ ಉತ್ತರ ಹೊರಗಿನಿಂದ ಯಾವಾಗ ಬೇಕಾದರೂ ಬದಲಾಗಬಹುದು ಎಂದು ಕಂಪೈಲರಿಗೆ ತಿಳಿಸುವ ಒಂದು ಪದವನ್ನು ಬರೆದವರು ಮರೆತಿದ್ದರು. ಕಂಪನಿ ಎಲ್ಲರ ಮುಂದೆ ಓಡಿಸಿ ತೋರಿಸಿದ್ದು, ಬರೆದ ಹಾಗೇ ತಿರುಗಿಸಿದ ಪ್ರೋಗ್ರಾಂ. ಅದರಲ್ಲಿ ಪದ ಬಿಟ್ಟುಹೋದದ್ದು ಬಾಧಿಸಲಿಲ್ಲ. ಪೆಟ್ಟಿಗೆಯಲ್ಲಿದ್ದದ್ದು ಬೇಗ ಓಡುವಂತೆ ತಿರುಗಿಸಿದ್ದು. ಅದು ಭಾರ ಇಳಿಯುವ ಮುನ್ನ ಒಂದೇ ಸಲ ಕಣ್ಣನ್ನು ಕೇಳಿ, ಕೈ ಇಲ್ಲ ಎಂದು ನೆನಪಿಟ್ಟುಕೊಂಡು, ಆಮೇಲೆ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

“ಅಂದ್ರೆ ಕೈ ಆಮೇಲೆ ಬಂದಿದ್ರೆ...” ಎಂದು ಅಧಿಕಾರಿ ಅಲ್ಲಿಗೇ ನಿಲ್ಲಿಸಿದರು. ಅವರ ಕೈ ತಾನಾಗಿ ಮೇಜಿನಿಂದ ಮಡಿಲಿಗೆ ಇಳಿಯಿತು.

ಹೇಳುವುದು ಸುಲಭ, ಸಾಧಿಸುವುದು ಸುಲಭವಲ್ಲ. ಯಾವ ಸೆಟ್ಟಿಂಗಿನಲ್ಲಿ ಕಟ್ಟಿದರು ಎಂಬುದನ್ನು ಪೆಟ್ಟಿಗೆಯೊಳಗಿನ ಚಿಪ್ ತನ್ನ ಮೈಮೇಲೆ ಬರೆದುಕೊಂಡಿರುವುದಿಲ್ಲ. ಲಕ್ಷಣ ನೋಡಿ ಹಿಡಿಯಬೇಕು. ಬರೆದ ಹಾಗೇ ತಿರುಗಿಸಿದ ಪ್ರೋಗ್ರಾಂ ಪ್ರತಿಯೊಂದು ಅಂಕಿಯನ್ನೂ ಮೆಮೊರಿಯಲ್ಲಿ ಕೆಳಗಿಟ್ಟು ಮತ್ತೆ ಎತ್ತಿಕೊಳ್ಳುತ್ತದೆ. ಇಲ್ಲಿ ಅಂಕಿಗಳು ಕೈಯಿಂದ ಕೈಗೆ ದಾಟುತ್ತಿದ್ದವು, ನೆಲ ಮುಟ್ಟುತ್ತಿರಲಿಲ್ಲ. ಬರವಣಿಗೆಯಲ್ಲಿ ಬೇರೆ ಬೇರೆಯಾಗಿದ್ದ ಸಣ್ಣ ತುಣುಕುಗಳು ಇಲ್ಲಿ ದೊಡ್ಡವುಗಳೊಳಗೆ ಕರಗಿಹೋಗಿದ್ದವು. ಇಷ್ಟರಿಂದಲೇ ಅವಳಿಗೆ ಮನವರಿಕೆಯಾಗಿತ್ತು. ಆದರೆ ಮನವರಿಕೆಯನ್ನು ಯಾರೂ ಸಾಕ್ಷಿ ಎನ್ನುವುದಿಲ್ಲ. ಅದೇ ಬರವಣಿಗೆಯನ್ನು ಅದೇ ಕಂಪೈಲರಿನಲ್ಲಿ ಒಂದೊಂದು ಸೆಟ್ಟಿಂಗಿನಲ್ಲೂ ಕಟ್ಟಿ, ಪೆಟ್ಟಿಗೆಯದರ ಪಕ್ಕದಲ್ಲಿಟ್ಟು ಬೈಟಿಗೆ ಬೈಟು ತಾಳೆ ನೋಡಬೇಕು. ಕಂಪೈಲರಿನ ಪ್ರತಿ ಕಳಿಸಿ ಎಂದು ಕಂಪನಿಯನ್ನು ಕೇಳಿದಳು. ಅದಿದ್ದ ಹಳೆಯ ಕಂಪ್ಯೂಟರು ಗುಜರಿಗೆ ಹೋಗಿದೆ ಎಂದು ಉತ್ತರ ಬಂತು.

ಅವಳು ಆ ಕಂಪೈಲರಿನ ಆಚೀಚಿನ ಆವೃತ್ತಿಗಳನ್ನು ಹುಡುಕಿ ತಂದಳು. ಒಂದೊಂದರಲ್ಲೂ ಕಟ್ಟಿದಳು. ತಾಳೆಯಾಗದ ಸಾಲುಗಳು ಪರದೆಯ ಮೇಲೆ ಕೆಂಪಾಗಿ ಕಾಣುತ್ತಿದ್ದವು. ಒಂದು ಮಧ್ಯಾಹ್ನ ಅತಿ ವೇಗದ ಸೆಟ್ಟಿಂಗಿನಲ್ಲಿ ಕಟ್ಟಿ ತಾಳೆಗೆ ಹಚ್ಚಿದಾಗ ಕೆಂಪೆಲ್ಲ ಮೇಲಿನಿಂದ ಕೆಳಗಿನವರೆಗೆ ಅಳಿಸಿಹೋಗಿ, ಕೊನೆಯಲ್ಲಿ ಒಂದು ಸಣ್ಣ ತೇಪೆ ಮಾತ್ರ ಉಳಿಯಿತು. ಅದು ಕಂಪೈಲರ್ ತಯಾರಿಸಿದವರೇ ಸೇರಿಸುವ ಭಾಗ, ಆವೃತ್ತಿಯಿಂದ ಆವೃತ್ತಿಗೆ ಬದಲಾಗುವಂಥದ್ದು. ಕಣ್ಣು, ಭಾರ, ಕೈ ಇರುವ ಜಾಗವೆಲ್ಲ ಒಂದಕ್ಷರ ತಪ್ಪದೆ ಕೂಡಿತ್ತು. ಹಿಂಜಕ್ಕ ಎದ್ದು ನಿಂತು ಕುರ್ಚಿಯ ಸುತ್ತ ಒಂದು ಸುತ್ತು ಬಂದು ಮತ್ತೆ ಕುಳಿತಳು. ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಆ ವಾರವೇ ಅಧಿಕಾರಿಯ ಜೊತೆ ಅವಳು ಬೆರಳು ಕಳೆದುಕೊಂಡ ಪ್ರೆಸ್ಸಿನವನ ಮನೆಗೆ ಹೋದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲಿಗೆಲ್ಲ ರಬ್ಬರಿನ ವಾಸನೆ. ಅವನು ತುಂಬುತೋಳಿನ ಅಂಗಿ ತೊಟ್ಟು, ಬಲಗೈಯನ್ನು ತೋಳಿನೊಳಗೇ ಮರೆಮಾಡಿಕೊಂಡು ಮಂಚದ ತುದಿಯಲ್ಲಿ ಕುಳಿತಿದ್ದ. ಹೆಂಡತಿ ಬಾಗಿಲಿನ ಬಳಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು. ಬಂದವರು ಕುಳಿತರೂ ಅವಳ ಕೈ ನಿಲ್ಲಲಿಲ್ಲ.

ಟೇಪು ಹಚ್ಚಿದ್ದೆಯಾ ಎಂದು ಅಧಿಕಾರಿ ಕೇಳಿದರು. ಇಲ್ಲ ಎಂದ. ಆಮೇಲೆ, “ಇಲ್ಲ ಅಂತ ಅನ್ಕೊಂಡಿದೀನಿ ಸಾರ್” ಎಂದು ತಿದ್ದಿದ.

“ಅನ್ಕೊಳ್ಳೋದು ಅಂದ್ರೆ?”

“ಎಲ್ರೂ ಹಚ್ಚಿದೆ ಹಚ್ಚಿದೆ ಅಂತಾರೆ. ಬೇರೆ ಪಾಳಿಯವ್ರು ಹಚ್ತಿದ್ದಿದ್ದು ನಾನೇ ನೋಡಿದೀನಿ. ಈಗೀಗ ಕನಸಲ್ಲಿ ನಾನೇ ಹಚ್ತಾ ಇರ್ತೀನಿ. ಟೇಪು ಹಲ್ಲಲ್ಲಿ ಕಚ್ಚಿ ಹರಿಯೋದು, ಅದರ ರುಚಿ ಸಮೇತ ಗೊತ್ತಾಗುತ್ತೆ. ಯಾವ್ದು ನಡೆದದ್ದು, ಯಾವ್ದು ಕನಸು ಅಂತ ಹೇಗೆ ಹೇಳ್ಲಿ?”

ಹೆಂಡತಿ ತಲೆಯೆತ್ತದೆ ಹೇಳಿದಳು: “ಮನೇಲೂ ಹಾಗೇ. ಕುಕ್ಕರ್ ಆರೋಕೆ ಬಿಡಲ್ಲ, ಮುಚ್ಚಳ ತೆಗೆದುಬಿಡ್ತಾರೆ. ಎಲ್ಲಾದ್ರಲ್ಲೂ ಅವಸರ.”

ನೀವು ಹಚ್ಚಿದ್ದರೂ ಹಚ್ಚದಿದ್ದರೂ ಅದು ನಿಲ್ಲುತ್ತಿರಲಿಲ್ಲ ಎಂಬ ಮಾತು ಹಿಂಜಕ್ಕನ ನಾಲಿಗೆಯ ತುದಿಗೆ ಬಂದಿತ್ತು. ತೀರ್ಮಾನಕ್ಕೆ ಮುಂಚೆ ಬಾಯಿ ಬಿಡಬಾರದು ಎಂಬುದು ಕಚೇರಿಯ ನಿಯಮ. ನುಂಗಿಕೊಂಡಳು. ಇನ್ನು ಸ್ವಲ್ಪ ದಿನ ತಾನೇ, ಎಲ್ಲರ ಎದುರಿಗೇ ಕೇಳಿಸಿಕೊಳ್ಳಲಿ ಎಂದುಕೊಂಡಳು.

ಕಂಪನಿಯ ಕಡೆಯ ತಜ್ಞರು ಯಾರು ಎಂದು ಗೊತ್ತಾದಾಗ ಅವಳಿಗೆ ಸಂತೋಷವೇ ಆಯಿತು. ಅವಳಿಗೆ ಈ ವಿದ್ಯೆ ಕಲಿಸಿದ ಮೇಷ್ಟ್ರೇ ಬಂದಿದ್ದರು. ಓದು ಸಾಕು ಎಂದು ಚಿಕ್ಕಮ್ಮ ಹಟ ಹಿಡಿದಾಗ, ಉರಿಬಿಸಿಲಲ್ಲಿ ನಡೆದು ಬಂದು, ಹೊರಗಿನ ಕಟ್ಟೆಯ ಮೇಲೆ ಕುಳಿತು, ಚಿಕ್ಕಮ್ಮನ ಮಂದ ಕಿವಿಗೆ ಗಂಟಲು ಹರಿಯುವಂತೆ ಕೂಗಿ ಒಪ್ಪಿಸಿ ಹೋದವರು ಅವರು. ಇಡೀ ಬೀದಿಗೆ ಅವಳ ಅಂಕಪಟ್ಟಿ ಅವತ್ತೇ ಗೊತ್ತಾದದ್ದು. ಕಟ್ಟಿದ ಪ್ರೋಗ್ರಾಮನ್ನು ನೋಡಿ ಕಟ್ಟಿದವನ ಸೆಟ್ಟಿಂಗು ಹೇಳುವುದನ್ನು ಕಪ್ಪು ಹಲಗೆಯ ಮೇಲೆ ಬೆರಳಿಟ್ಟು ತೋರಿಸಿದವರು. ಬೈಟು ಹೇಳಿದ್ದಕ್ಕಿಂತ ಒಂದು ಮಾತೂ ಹೆಚ್ಚು ಹೇಳಬೇಡ ಎಂಬುದು ಅವರ ಪಾಠ. ಅವರು ಇದ್ದಾರೆಂದರೆ ಇನ್ನೇನು ಬೇಕು?

ವಿಚಾರಣೆಯ ದಿನ ಬೆಳಗ್ಗೆ ಕಟ್ಟಡದ ಕ್ಯಾಂಟೀನಿನಲ್ಲಿ ಅವರೇ ಅವಳನ್ನು ಕಂಡು ಕೈ ಬೀಸಿದರು. ಇಸ್ತ್ರಿಯ ಗೆರೆ ಮುರಿಯದ ಅಂಗಿ, ಹೊಸ ಕನ್ನಡಕ. ನಿವೃತ್ತಿಯಾದ ಮೇಲೆ ಕಾಲೇಜಿನಲ್ಲಿ ತಮ್ಮನ್ನು ಕೇಳುವವರೇ ಇರಲಿಲ್ಲ, ಗ್ರಂಥಾಲಯದ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿ ಎಂದು ನಿಲ್ಲಿಸಿದ್ದರು ಎಂದು ನಗುತ್ತಲೇ ಹೇಳಿದರು. ಈ ಕಂಪನಿಯವರು ಒಂದು ಕೋಣೆ ಕೊಟ್ಟಿದ್ದಾರಂತೆ. ಬಾಗಿಲ ಮೇಲೆ ಹೆಸರಿನ ಫಲಕವಿದೆಯಂತೆ. ಒಳಗೆ ಹೋದರೆ ಹುಡುಗರೆಲ್ಲ ಎದ್ದು ನಿಲ್ಲುತ್ತಾರಂತೆ.

ಆಮೇಲೆ ದನಿ ತಗ್ಗಿಸಿದರು. “ನಿನ್ನ ವರದಿ ಓದಿದೆ ಮಗಳೇ. ಆ ಹಳೇ ಕಂಪ್ಯೂಟರ್ ನನ್ನ ಕೋಣೇಲೇ ಇದೆ. ನೀನು ಹೇಳಿದ ಸೆಟ್ಟಿಂಗಲ್ಲೇ ಕಟ್ಟಿ ನೋಡಿದೆ. ನಿನಗೆ ಆ ಸಣ್ಣ ತೇಪೆ ಉಳೀತಲ್ಲ, ನನಗೆ ಅದೂ ಉಳೀಲಿಲ್ಲ. ಕೊನೇ ಬೈಟಿನ ತನಕ ಕೂಡಿಬಂತು. ಎಷ್ಟು ಹೆಮ್ಮೆಯಾಯ್ತು ಗೊತ್ತಾ ನನಗೆ.”

ಅವಳು ಲೋಟ ಕೆಳಗಿಟ್ಟಳು. “ಹಾಗಾದ್ರೆ ಅಲ್ಲಿ ಹೇಳ್ತೀರಲ್ಲ ಸರ್?”

“ಕೇಳಿದ್ರೆ ಹೇಳದೆ ಇರ್ತೀನಾ?” ಎಂದು ಎದ್ದು, ಅವಳ ಕಾಫಿಯ ಹಣವನ್ನೂ ತಾವೇ ಕೊಟ್ಟು ಹೋದರು.

ವಿಚಾರಣೆಯ ಕೋಣೆ ಉದ್ದಕ್ಕಿತ್ತು, ತೀರ್ಮಾನ ಹೇಳುವ ಕುರ್ಚಿಯಲ್ಲಿ ತನಿಖಾಧಿಕಾರಿಯೇ ಕುಳಿತಿದ್ದರು. ಗೋಡೆಗೆ ತಾಗಿಸಿದ ಬೆಂಚಿನಲ್ಲಿ ಪ್ರೆಸ್ಸಿನವನೂ ಹೆಂಡತಿಯೂ ಕುಳಿತಿದ್ದರು. ಕಂಪನಿಯ ವಕೀಲರು ಬಹಳ ಸೌಮ್ಯ ಮನುಷ್ಯ. ಹಿಂಜಕ್ಕನ ವರದಿಯನ್ನು ಮೊದಲು ಹೊಗಳಿದರು. ಆಮೇಲೆ, ಇವರು ಕಟ್ಟಿದ್ದೂ ಪೆಟ್ಟಿಗೆಯಲ್ಲಿದ್ದದ್ದೂ ಪೂರ್ತಿಯಾಗಿ ಒಂದೇಯೇ ಎಂದು ಕೇಳಿದರು. ಒಂದು ಸಣ್ಣ ಭಾಗ ಬಿಟ್ಟು ಎಂದಳು. ಅಂದರೆ ಪೂರ್ತಿಯಾಗಿ ಒಂದೇ ಅಲ್ಲ? ಅಲ್ಲ, ಆದರೆ ಆ ಭಾಗಕ್ಕೂ ಕಣ್ಣಿಗೂ ಸಂಬಂಧವಿಲ್ಲ ಎಂದಳು. ಇದೇ ಸೆಟ್ಟಿಂಗಿನಲ್ಲೇ ಕಟ್ಟಿದ್ದು ಎಂದು ಲವಲೇಶ ಸಂದೇಹವಿಲ್ಲದೆ ಹೇಳಬಲ್ಲಿರಾ ಎಂದರು.

ಬೈಟು ಹೇಳಿದ್ದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಅಧಿಕಾರಿಯ ಕಡೆ ತಿರುಗಿದಳು. “ಸರಿಯಾದ ಕಂಪೈಲರ್ ಸಿಕ್ಕಿದ್ರೆ ಆ ಸಂದೇಹವೂ ಉಳಿಯಲ್ಲ ಸರ್. ಅದು ಕಂಪನೀಲೇ ಇದೆ. ಅಲ್ಲಿ ಕೂತಿರೋ ಮೇಷ್ಟ್ರು ಅದರಲ್ಲಿ ಕಟ್ಟಿ ನೋಡಿದಾರೆ. ಪೂರ್ತಿ ಕೂಡಿಬಂತು ಅಂತ ಬೆಳಗ್ಗೆ ನನಗೇ ಹೇಳಿದ್ರು.”

ಕೋಣೆಯಲ್ಲಿದ್ದವರೆಲ್ಲ ಮೇಷ್ಟ್ರ ಕಡೆ ನೋಡಿದರು. ಅಧಿಕಾರಿ ಬೆನ್ನು ನೆಟ್ಟಗೆ ಮಾಡಿಕೊಂಡು, ನಿಜವೇ ಎಂದರು.

ಮೇಷ್ಟ್ರು ಎದ್ದು ನಿಂತರು. ಅವಳನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ. ತಪ್ಪು ಲೆಕ್ಕ ಮಾಡಿದ ಜಾಣೆ ವಿದ್ಯಾರ್ಥಿನಿಯನ್ನು ನೋಡುವ ನೋಟ ಅದು.

“ಅವಳು ನನ್ನ ಶಿಷ್ಯೆ. ನನಗೆ ಮಗಳಿದ್ದ ಹಾಗೆ” ಎಂದರು. “ಅವಳ ವಿಧಾನ ಚೆನ್ನಾಗಿದೆ ಅಂತ ನಾನು ಹೇಳಿದ್ದು ನಿಜ. ಉತ್ಸಾಹದಲ್ಲಿ ಅವಳಿಗೆ ಸ್ವಲ್ಪ ಹೆಚ್ಚು ಕೇಳಿಸಿರಬಹುದು. ಆ ಕಂಪೈಲರನ್ನು ನಾನು ನೋಡಿಲ್ಲ.”

ಅವರು ಸುಳ್ಳು ಹೇಳಿದ್ದಕ್ಕಿಂತ, ಆ ಸುಳ್ಳನ್ನು ಇಷ್ಟು ಅಕ್ಕರೆಯಿಂದ ಹೇಳಿದ್ದು ಹಿಂಜಕ್ಕನ ಬಾಯಿ ಕಟ್ಟಿತು. ಇನ್ನೇನು ಹೇಳಿದರೂ ಅದು ತಂದೆಯ ಎದುರು ಹಟ ಮಾಡುವ ಹುಡುಗಿಯ ಮಾತಿನಂತೆ ಕೇಳುತ್ತಿತ್ತು. ಆ ಕಂಪ್ಯೂಟರು ಗುಜರಿಗೆ ಹೋಗಿ ವರ್ಷ ಕಳೆಯಿತು ಎಂದು ವಕೀಲರು ಮತ್ತೊಮ್ಮೆ ಹೇಳಿದರು. ಅಧಿಕಾರಿ ಅವಳನ್ನೇ ನೋಡುತ್ತಿದ್ದರು. ನಂಬಿದ್ದೇನೆ, ಆದರೆ ಏನು ಮಾಡಲಿ ಎನ್ನುವಂತಿತ್ತು. ಬೆಂಚಿನ ಮೇಲೆ ಪ್ರೆಸ್ಸಿನವನ ಹೆಂಡತಿ ಸೆರಗು ಸರಿಪಡಿಸಿಕೊಂಡು ಎದ್ದಳು. ಮಾತುಗಳು ಅರ್ಥವಾಗದಿದ್ದರೂ ಯಾರು ಸೋತರು ಎಂಬುದು ಅವಳಿಗೆ ತಿಳಿದಿತ್ತು.

ಯಾವ ಸೆಟ್ಟಿಂಗಿನಲ್ಲಿ ಕಟ್ಟಿದರೆಂದು ಖಚಿತವಾಗಿ ಹೇಳಲು ಬರುವುದಿಲ್ಲ, ಕೆಲಸಗಾರನ ಅಜಾಗರೂಕತೆಯನ್ನು ತಳ್ಳಿಹಾಕಲು ಬರುವುದಿಲ್ಲ ಎಂದು ತೀರ್ಮಾನವಾಯಿತು. ಅಧಿಕಾರಿ ಆ ತಿಂಗಳ ಕೊನೆಗೆ ಹಾರ ಹಾಕಿಸಿಕೊಂಡು ಮನೆಗೆ ಹೋದರು. ಖಾಸಗಿಯಾಗಿ ಆಡಿದ ಮಾತನ್ನು ವಿಚಾರಣೆಗೆ ಎಳೆತಂದು ಕಚೇರಿಯ ಮರ್ಯಾದೆ ಕಳೆದಳು ಎಂದು ಹಿಂಜಕ್ಕನ ಮೇಲಿನವರು ಅವಳಿಗೆ ಛೀಮಾರಿ ಹಾಕಿದರು. ಇನ್ನು ಮೇಲೆ ತನಿಖೆಯ ಕೆಲಸ ಬೇಡ, ಕಾರ್ಖಾನೆಗಳ ವಾರ್ಷಿಕ ತಪಾಸಣೆಗೆ ಹೋಗು ಎಂದರು. ಬಟನ್ ಒತ್ತಿದರೆ ದೀಪ ಹತ್ತುತ್ತದೆಯೇ ಎಂದು ನೋಡಿ ಸಹಿ ಹಾಕುವ ಕೆಲಸ. ಹೊಸದಾಗಿ ಸೇರಿದವರು ಅವಳನ್ನು ಹಿಂಜಕ್ಕ ಎಂದು ಕರೆಯುತ್ತಿರಲಿಲ್ಲ. ಮೇಡಂ ಎನ್ನುತ್ತಿದ್ದರು, ಅದೂ ದೂರದಿಂದ.

ಚಿಕ್ಕಮ್ಮನಿಗೆ ಅವಳು ಏನನ್ನೂ ಹೇಳಿರಲಿಲ್ಲ. ಮೇಷ್ಟ್ರು ಯಾವಾಗ ಬರುತ್ತಾರೆ, ಒಂದು ಸಲ ಊಟಕ್ಕೆ ಕರೆಯೇ ಎಂದು ಅವರು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದರು. ಹಿಂಜಕ್ಕ ಕೇಳಿಸದವಳಂತೆ ಇರುತ್ತಿದ್ದಳು. ಮನೆಯಲ್ಲಿ ಕಿವಿ ಕೇಳದವರು ಈಗ ಇಬ್ಬರಾದರು ಎಂದು ಚಿಕ್ಕಮ್ಮ ಗೊಣಗುತ್ತಿದ್ದರು.

ತಪಾಸಣೆಗೆಂದು ಬೇರೊಂದು ಕಾರ್ಖಾನೆಗೆ ಹೋದಾಗ ಅಲ್ಲಿಯೂ ಅದೇ ಕಂಪನಿಯ ಪ್ರೆಸ್ಸು ಕಂಡಳು. ಪೆಟ್ಟಿಗೆಯ ಮೇಲೆ ಹೊಸ ಚೀಟಿ ಅಂಟಿತ್ತು. ಕಂಪನಿಯವರೇ ಬಂದು, ಮಾಮೂಲಿ ಸುಧಾರಣೆ ಎಂದು ಹೇಳಿ, ಊರಿನ ಎಲ್ಲ ಪ್ರೆಸ್ಸುಗಳಿಗೂ ಪ್ರೋಗ್ರಾಂ ಬದಲಾಯಿಸಿ ಹೋದರು ಎಂದ ಅಲ್ಲಿನ ಮೇಲ್ವಿಚಾರಕ. ಬಟನ್ ಒತ್ತಿ ದೀಪ ನೋಡಿ ಹೊರಟುಬಿಡಬಹುದಿತ್ತು. ಅವಳು ಚಿಪ್‌ನಲ್ಲಿದ್ದ ಪ್ರೋಗ್ರಾಮನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ಅಲ್ಲೇ ತಗಡಿನ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಬಿಡಿಸಿದಳು. ಅದೇ ವೇಗದ ಸೆಟ್ಟಿಂಗು. ಕಣ್ಣಿನ ಜಾಗದಲ್ಲಿ ಮಾತ್ರ ವ್ಯತ್ಯಾಸ. ಭಾರ ಇಳಿಯುವಷ್ಟು ಹೊತ್ತೂ ಪ್ರೋಗ್ರಾಂ ಕಣ್ಣನ್ನು ಕೇಳುತ್ತಿತ್ತು, ಕೇಳುತ್ತಲೇ ಇತ್ತು. ಬಿಟ್ಟುಹೋಗಿದ್ದ ಆ ಒಂದು ಪದವನ್ನು ಯಾರೋ ಸೇರಿಸಿದ್ದರು.

ಯಾರೆಂದು ಊಹಿಸಬೇಕಾಗಿ ಬರಲಿಲ್ಲ. ಮುಂದಿನ ಭಾನುವಾರ ಬೆಳಗ್ಗೆ ಮೇಷ್ಟ್ರೇ ಮನೆಗೆ ಬಂದರು, ಕೈಯಲ್ಲಿ ಸೇಬಿನ ಚೀಲ. ಚಿಕ್ಕಮ್ಮನ ಸಂಭ್ರಮ ಹೇಳತೀರದು. ಎದ್ದು ಕುರ್ಚಿ ಒರೆಸಿ ಕೂರಿಸಿದರು, ಕಾಫಿಗೆ ಇಡಲು ಒಳಗೆ ಹೋದರು.

“ಗೊತ್ತಾಗಿರ್ಬೇಕಲ್ಲ ನಿನಗೆ” ಎಂದರು ಮೇಷ್ಟ್ರು. “ನಾನೇ ಮಾಡಿಸಿದ್ದು. ಅಲ್ಲಿ ಹೌದು ಅಂದಿದ್ರೆ ಕಂಪನಿಯವರು ವರ್ಷಗಟ್ಟಲೆ ಕೋರ್ಟಿಗೆ ಅಲೀತಿದ್ರು. ಬದಲಾಯಿಸಿದ್ರೆ ತಪ್ಪು ಒಪ್ಕೊಂಡ ಹಾಗಾಗುತ್ತೆ ಅಂತ ಒಂದು ಪೆಟ್ಟಿಗೇನೂ ಮುಟ್ತಿರ್ಲಿಲ್ಲ. ಒಳಗಿದ್ದೆ, ಅದಕ್ಕೇ ಆಯ್ತು. ಇನ್ನು ಯಾರ ಕೈಯೂ ಹೋಗಲ್ಲ.”

ಅವಳು ಅವರ ಮಾತನ್ನು ಮನಸ್ಸಿನಲ್ಲೇ ಮುಂದಿಟ್ಟುಕೊಂಡು ನೋಡಿದಳು. ಹೆಚ್ಚು ಕಡಿಮೆ ನಿಜವೇ ಇತ್ತು. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ.

“ಆ ಮನುಷ್ಯ ತಾನೇ ಟೇಪ್ ಹಚ್ಚಿದೆ ಅಂತ ಕನಸು ಕಾಣ್ತಾನೆ ಸರ್.”

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು. “ನೀನೇ ಹೇಳು ಅವನಿಗೆ” ಎಂದರು. “ನನ್ನ ಹೆಸರು ಮಾತ್ರ ಹೇಳಬೇಡ. ಆ ಕೋಣೆ ಬಿಟ್ರೆ ನನಗೆ ಇನ್ನೇನಿದೆ?”

“ನೀವು ಇನ್ನು ಇಲ್ಲಿಗೆ ಬರಬೇಡಿ ಸರ್” ಎಂದಳು ಹಿಂಜಕ್ಕ.

ಅದನ್ನು ಅವಳು ಮೆಲ್ಲಗೇ ಹೇಳಿದ್ದಳು. ತಟ್ಟೆ ಹಿಡಿದು ಬಂದ ಚಿಕ್ಕಮ್ಮನಿಗೆ ಕೇಳಿಸಲಿಲ್ಲ. ಮೇಷ್ಟ್ರು ನಿಂತುಕೊಂಡೇ ಕಾಫಿ ಕುಡಿದು, ಚಿಕ್ಕಮ್ಮನಿಗೆ ಕೈ ಮುಗಿದು ಹೊರಟರು. ಬಂದವರನ್ನು ಬಾಗಿಲ ತನಕವೂ ಕಳಿಸಿಕೊಡದ ನಿನ್ನ ಗುಣ ಯಾರದೋ ಏನೋ ಎಂದು ಚಿಕ್ಕಮ್ಮ ಸಂಜೆಯವರೆಗೂ ಬೈದರು.

ಮರುದಿನ ಕಚೇರಿಗೆ ಅರ್ಧ ದಿನ ರಜೆ ಹಾಕಿ ಹಿಂಜಕ್ಕ ಸೈಕಲ್ ಅಂಗಡಿಯ ಮೇಲಿನ ಮನೆಗೆ ಹೋದಳು. ಪ್ರೆಸ್ಸಿನವನು ಒಬ್ಬನೇ ಇದ್ದ. ಎಡಗೈಯಲ್ಲಿ ತಡವರಿಸುತ್ತ ಬಟ್ಟೆ ಮಡಚುತ್ತಿದ್ದ. ಅವಳು ಕುಳಿತು, ಅವಸರ ಮಾಡದೆ, ಒಲೆಯ ಮೇಲಿನ ಹಾಲಿನ ಮಾತಿನಿಂದಲೇ ಶುರುಮಾಡಿ ಎಲ್ಲವನ್ನೂ ಹೇಳಿದಳು. ಎಲ್ಲ ಪ್ರೆಸ್ಸುಗಳನ್ನೂ ಗುಟ್ಟಾಗಿ ಸರಿಮಾಡಿದ್ದನ್ನೂ ಹೇಳಿದಳು. ಮೇಷ್ಟ್ರ ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಯಾಕೆಂದು ಅವಳಿಗೇ ತಿಳಿಯದು.

ಅವನು ಮಡಚುವುದನ್ನು ನಿಲ್ಲಿಸಿ ಕೇಳಿದ. ಕೇಳಿ ಮುಗಿದ ಮೇಲೆ, “ಹಾಗಾದ್ರೆ ನಾನು ಹಚ್ಚಿರ್ಲಿಲ್ಲ” ಎಂದ.

“ಹಚ್ಚಿರ್ಲಿಲ್ಲ. ಟೇಪು ಯಾರೂ ನೋಡಿಲ್ಲ, ಪ್ರೆಸ್ಸು ನಿಲ್ಲಲಿಲ್ಲ ಅಂತ ಹಾಗಂದ್ರು. ಕಣ್ಣು ತೆರೆದೇ ಇತ್ತು. ಕೇಳೋರು ಇರ್ಲಿಲ್ಲ, ಅಷ್ಟೇ.”

ಅವನ ಮುಖ ಸಡಿಲಗೊಂಡಿತು. ಅಳುತ್ತಾನೆ ಎಂದುಕೊಂಡಳು. ಅಳಲಿಲ್ಲ. ಎದ್ದು ಹೋಗಿ ಮೆಟ್ಟಿಲ ಕಡೆ ಇಣುಕಿ ನೋಡಿ, ಬಾಗಿಲು ಮುಂದೆ ಮಾಡಿ ಬಂದ.

“ಮೇಡಂ, ಇದನ್ನ ಅವಳ ಮುಂದೆ ಹೇಳ್ಬೇಡಿ.”

ತೀರ್ಮಾನ ಬಂದ ಮೇಲೆ ಕಾರ್ಖಾನೆಯವರು ಅವನನ್ನು ಕರೆಸಿದ್ದರಂತೆ. ಟೇಪು ನಾನೇ ಹಚ್ಚಿದ್ದು ಎಂದು ಎಲ್ಲರ ಎದುರು ಒಪ್ಪಿಕೊಂಡರೆ ಹೆಂಡತಿಗೆ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಕೊಡುತ್ತೇವೆ ಎಂದರಂತೆ. ಒಪ್ಪಿಕೊಂಡ. ಮನೆಗೆ ಬಂದು ಅವಳಿಗೂ ಹಾಗೇ ಹೇಳಿದ. ಕೆಲಸದ ಆಸೆಗೆ ಸುಳ್ಳು ಒಪ್ಪಿಕೊಂಡೆ ಎಂದಿದ್ದರೆ ಅವಳು ಆ ಕಾರ್ಖಾನೆಯ ಗೇಟನ್ನೂ ತುಳಿಯುತ್ತಿರಲಿಲ್ಲ.

“ಒಂದಿನ ಪೂರ್ತಿ ಅತ್ತಳು. ಆಮೇಲೆ ಸುಮ್ಮನಾದಳು. ಊಟ ಬಡಿಸುವಾಗ ಮಾತಾಡ್ತಾಳೆ ಈಗ. ಹೇಳೋದಾದ್ರೆ ಎಲ್ಲಾ ಮತ್ತೆ ಮೊದಲಿಂದ ಆಗ್ಬೇಕು.” ಮಡಚಿದ ಬಟ್ಟೆಯನ್ನು ಒಂದರ ಮೇಲೊಂದು ಇಟ್ಟ. “ನನಗೆ ಗೊತ್ತಾಯ್ತಲ್ಲ. ಸಾಕು ಬಿಡಿ.”

ಸಾಕು ಎಂದವನ ಮುಖದಲ್ಲಿ ಸಾಕಾದ ಲಕ್ಷಣವೇನೂ ಇರಲಿಲ್ಲ. ಗೊತ್ತಾಗದೆ ಇದ್ದಾಗ ಅವನಿಗೆ ಕನಸೊಂದೇ ಕಾಟ ಕೊಡುತ್ತಿತ್ತು. ಈಗ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಬಾಳುವ ಕೆಲಸವನ್ನು ತಾನೇ ತಂದು ಅವನ ತಲೆಗೆ ಕಟ್ಟಿದೆ ಎಂದು ಹಿಂಜಕ್ಕನಿಗೆ ಆಗ ಹೊಳೆಯಿತು.

ಮೆಟ್ಟಿಲಿಳಿದು ಬರುವಾಗ ಕೆಳಗೆ ಹೆಂಡತಿ ಎದುರಾದಳು. ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು. ಕಾರ್ಖಾನೆಯ ನೀಲಿ ಕೋಟು ತೋಳಿನ ಮೇಲಿತ್ತು, ಕೂದಲಿಗೆ ಕಟ್ಟಿದ ಬಲೆ ಇನ್ನೂ ತಲೆಯ ಮೇಲೇ ಇತ್ತು. ಗುರುತು ಹಿಡಿದು ನಿಂತಳು.

“ಏನು ಮೇಡಂ, ಮತ್ತೆ ಬಂದ್ರಿ?”

ಸುಮ್ಮನೆ, ಕೈ ಹೇಗಿದೆ ಎಂದು ನೋಡಿಕೊಂಡು ಹೋಗಲು ಎಂದಳು ಹಿಂಜಕ್ಕ.

“ನೀವೇನೋ ಒಳ್ಳೇದಕ್ಕೇ ಓಡಾಡಿದ್ರಿ” ಎಂದಳು ಅವಳು. “ಅವರು ಮೊದಲೇ ನಿಜ ಹೇಳಿದ್ದಿದ್ರೆ ನಿಮಗೂ ಆ ಅವಮಾನ ತಪ್ಪಿರೋದು. ನಾನು ಅವತ್ತು ಬೆಂಚಲ್ಲಿ ಕೂತು ಎಲ್ಲಾ ನೋಡ್ತಿದ್ದೆ. ಆ ದೊಡ್ಡ ಮೇಷ್ಟ್ರು ಎಷ್ಟು ಮರ್ಯಾದೆಯಿಂದ ಮಾತಾಡಿದ್ರು, ನೀವೇ ಅವರ ಮಾತನ್ನ ತಪ್ಪು ತಿಳ್ಕೊಂಡ್ರಿ.” ಕೋಟನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು. “ಒಪ್ಕೊಂಡ್ರಲ್ಲ, ನಾನೂ ಕ್ಷಮಿಸಿಬಿಟ್ಟೆ. ಗಂಡಸರಿಗೆ ಒಪ್ಕೊಳ್ಳೋದು ಸುಲಭ ಅಲ್ಲ. ಅವರ ತಲೇಲಿ ಮತ್ತೆ ಏನೂ ತುಂಬಬೇಡಿ, ನಿಮ್ಮ ದಮ್ಮಯ್ಯ.”

“ಇಲ್ಲ” ಎಂದಳು ಹಿಂಜಕ್ಕ.

ಹೆಂಡತಿ ಮೆಟ್ಟಿಲು ಹತ್ತಿದಳು. ಮೇಲೆ ಬಾಗಿಲು ತೆರೆದ ಸದ್ದಾಯಿತು, ಬಟ್ಟೆ ಮಡಚಿದ್ದಕ್ಕೆ ಮೆಚ್ಚಿದ ದನಿ ಕೇಳಿಸಿತು. ಅವನು ಏನೋ ಉತ್ತರ ಕೊಟ್ಟ. ಅಂಗಡಿಯವನು ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದುದರಿಂದ ಅದೇನೆಂದು ಅವಳಿಗೆ ಗೊತ್ತಾಗಲಿಲ್ಲ. ಮಧ್ಯಾಹ್ನದ ಪಾಳಿಗೆ ಇನ್ನೊಂದು ಕಾರ್ಖಾನೆಯ ತಪಾಸಣೆ ಇತ್ತು. ಬ್ಯಾಗನ್ನು ಹೆಗಲಿಗೇರಿಸಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು.